ಇನ್ನೊಂದು ಎಲ್ಲಿ?

ನಮ್ಮ ಭಾವನವರ ಎಡಗೈಯನ್ನು ಪೂರ್ತಿಯಾಗಿ ನೋಡಿದವರು ಬಹಳ ಕಡಿಮೆ. ಅದು ಸದಾ ಅವರ ಬೂದುಬಣ್ಣದ ಕೋಟಿನ ಜೇಬಿನಲ್ಲೇ ವಾಸ. ಮದುವೆಯ ಫೋಟೋದಲ್ಲಿ ಅಕ್ಕನ ಪಕ್ಕಕ್ಕೆ ನಿಂತಿರುವ ಸಪೂರ ಯುವಕನ ಎಡಗೈ ಆಗಲೇ ಜೇಬು ಸೇರಿಯಾಗಿದೆ; ಫೋಟೋ ತೆಗೆಯುವವನು ಎಷ್ಟು ಅಂಗಲಾಚಿದರೂ ಅದು ಹೊರಗೆ ಬರಲಿಲ್ಲವೆಂದು ನಮ್ಮಮ್ಮ ಕೊನೆಯವರೆಗೂ ಗೊಣಗುತ್ತಿದ್ದಳು. ನೆಂಟರಲ್ಲಿ ಕೆಲವರು ಇದನ್ನು ಜಂಬವೆಂದರು, ಕೆಲವರು ಕೈಯಲ್ಲೇನೋ ಊನವಿರಬೇಕೆಂದು ಪಿಸುಗುಟ್ಟಿದರು. ಕಾರಣ ಎರಡೂ ಅಲ್ಲ. ವಿದ್ಯುತ್ತಿನ ಕೆಲಸ ಮಾಡುವವನು ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡರೆ, ಅಕಸ್ಮಾತ್ ಶಾಕ್ ಹೊಡೆದರೂ ಕರೆಂಟು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹಾದುಹೋಗುವುದಿಲ್ಲವೆಂದು ಅವರ ಗುರುಗಳೊಬ್ಬರು ಹೇಳಿಕೊಟ್ಟಿದ್ದರಂತೆ. ಪ್ರಯೋಗಶಾಲೆಯಲ್ಲಿ ಇದು ಸರಿ, ಮದುವೆಮನೆಯಲ್ಲಿ ಯಾವ ಕರೆಂಟು ಹೊಡೆಯುತ್ತಿತ್ತು ಎಂದು ನಾನೊಮ್ಮೆ ಕೇಳಿದ್ದುಂಟು. "ಅಭ್ಯಾಸ ಅನ್ನೋದು ಜಾಗ ನೋಡ್ಕೊಂಡು ಬರಬಾರದು" ಎಂದರು. ಇಂಥ ಉತ್ತರಕ್ಕೆ ಮರುಮಾತು ಹುಡುಕುತ್ತ ನಾನು ನನ್ನ ಅರ್ಧ ಆಯುಷ್ಯ ಕಳೆದಿದ್ದೇನೆ.

ಅವರ ನಡಿಗೆಯೂ ಹಾಗೆಯೇ. ಸಾಲು ಮೇಜುಗಳ ನಡುವೆ, ನೇತಾಡುವ ತಂತಿಗಳಿಗೆ ಮೈ ತಗುಲಿಸದೆ ನಡೆದು ನಡೆದು, ಬಲಭುಜವನ್ನು ಮುಂದೆ ಮಾಡಿ ಅಡ್ಡಡ್ಡಲಾಗಿ ಸಾಗುವುದು ರೂಢಿಯಾಗಿ, ಈಗ ಖಾಲಿ ಬೀದಿಯಲ್ಲೂ ಯಾವುದೋ ಕಾಣದ ಮೇಜನ್ನು ಬಳಸಿಕೊಂಡು ಹೋಗುವವರಂತೆ ಹೋಗುತ್ತಾರೆ. ಕೋಟಿನ ತೋಳಿನಲ್ಲಿ ಬೆಸುಗೆಯ ಹನಿ ಬಿದ್ದು ಸುಟ್ಟ ಚಿಕ್ಕ ತೂತುಗಳಿವೆ. ಅಕ್ಕ ಹೊಸ ಕೋಟು ಹೊಲಿಸಿಕೊಟ್ಟರೆ ಅದನ್ನು ಮಡಿಚಿ ಬೀರುವಿನಲ್ಲಿಟ್ಟು, "ಇದು ಇನ್ನೂ ಕೆಲಸ ಮಾಡ್ತಿದೆ" ಎಂದು ಹಳೆಯದನ್ನೇ ತೊಡುತ್ತಾರೆ.

ಆದರೆ ಕೋಟು, ಕೈ, ನಡಿಗೆ ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದ್ದು ಅವರ ಒಂದು ಮಾತು. ಭಾವ ತಾಂತ್ರಿಕ ಶಾಲೆಯೊಂದರಲ್ಲಿ ವಿದ್ಯುತ್ತಿನ ಪಾಠ ಹೇಳಿ ನಿವೃತ್ತರಾದವರು, ಮತ್ತು ಅವರ ಸಮಸ್ತ ವಿದ್ಯೆಯೂ ಎರಡು ಸಂಖ್ಯೆಗಳ ಮೇಲೆ ನಿಂತದ್ದು: ವೋಲ್ಟೇಜು ಎಷ್ಟಿದೆ, ಕರೆಂಟು ಎಷ್ಟು ಹರಿಯುತ್ತಿದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆ ವಸ್ತು ಒಡ್ಡುವ ರೋಧ ಸಿಗುತ್ತದೆ. ಅವೇ ಎರಡನ್ನು ಗುಣಿಸಿದರೆ ಅದು ಎಷ್ಟು ವಾಟಿನ ಕೆಲಸ ಮಾಡುತ್ತಿದೆಯೆಂಬುದು ಸಿಗುತ್ತದೆ. ಎರಡೂ ಇದ್ದರೆ ಎಲ್ಲವೂ ಉಂಟು, ಒಂದೇ ಇದ್ದರೆ ಏನೂ ಇಲ್ಲ. ಈ ನಿಯಮವನ್ನು ಶಾಲೆಯ ಬಾಗಿಲಲ್ಲೇ ಬಿಟ್ಟು ಬಂದಿದ್ದರೆ ನಮಗೆ ಯಾವ ತಕರಾರೂ ಇರುತ್ತಿರಲಿಲ್ಲ. ಅವರು ಅದನ್ನು ಮನೆಗೆ ತಂದರು, ಊಟದ ಮೇಜಿಗೆ ತಂದರು, ನೆಂಟರ ನಡುವೆ ತಂದರು. ಯಾರು ಯಾವ ಸಂಖ್ಯೆ ಹೇಳಿದರೂ ತಲೆಯನ್ನು ಕೊಂಚ ವಾಲಿಸಿ, "ಇನ್ನೊಂದು ಎಲ್ಲಿ?" ಎಂದು ಕೇಳುವುದು ಅವರ ಜಾಯಮಾನವಾಯಿತು.

ಮಗಳು ಪರೀಕ್ಷೆಯಲ್ಲಿ ಎಂಬತ್ತೆರಡು ಅಂಕ ಬಂತೆಂದು ಕುಣಿದುಕೊಂಡು ಬಂದರೆ, "ಇನ್ನೊಂದು ಎಲ್ಲಿ?" ಎಂದರು; ಅಂದರೆ, ಉಳಿದ ಮಕ್ಕಳಿಗೆಲ್ಲ ಎಷ್ಟು ಬಂತು? ಮಗು ಅಳುಮುಖ ಮಾಡಿಕೊಂಡು ಅಡುಗೆಮನೆ ಸೇರಿತು. ನನ್ನ ಪ್ರಬಂಧಗಳ ಪುಸ್ತಕ ನಾಲ್ಕನೆಯ ಮುದ್ರಣ ಕಂಡಾಗ, ಮನೆತುಂಬ ಜನರಿದ್ದ ಸಂಜೆ ನಾನು ಸಂಕೋಚವನ್ನು ನಟಿಸುತ್ತ ಆ ಸುದ್ದಿ ತಿಳಿಸಿದೆ. ಭಾವ ತಲೆ ವಾಲಿಸಿದರು. "ಒಂದು ಸಲಕ್ಕೆ ಎಷ್ಟು ಪ್ರತಿ ಹಾಕ್ತಾರೆ?" ನಾನು ಹೇಳಿದೆ. ಅವರು ಮನಸ್ಸಿನಲ್ಲೇ ಗುಣಿಸಿ, "ಓ" ಎಂದರು. ಆ 'ಓ' ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಈಗಲೂ ನೆನೆದರೆ ಉರಿಯುತ್ತದೆ.

ಅಳೆಯುವುದಕ್ಕೆಂದು ಅವರು ತಾವೇ ಒಂದು ಮರದ ಪೆಟ್ಟಿಗೆ ಮಾಡಿಕೊಂಡಿದ್ದಾರೆ. ಮೇಲೆ ಎರಡು ಗಡಿಯಾರಗಳಂಥ ಮೀಟರುಗಳು, ಎಡಗಡೆಯದು ವೋಲ್ಟೇಜಿಗೆ, ಬಲಗಡೆಯದು ಕರೆಂಟಿಗೆ. ಪೆಟ್ಟಿಗೆಯ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ, ಇಸ್ತ್ರಿಪೆಟ್ಟಿಗೆಯನ್ನೋ ಮಿಕ್ಸಿಯನ್ನೋ ಪೆಟ್ಟಿಗೆಗೆ ಚುಚ್ಚಿದರೆ ಎರಡು ಮುಳ್ಳುಗಳೂ ಏಳುತ್ತವೆ, ಭಾವನವರ ಹುಬ್ಬುಗಳೂ ಏಳುತ್ತವೆ. ಪ್ರವಾಸಕ್ಕೆ ಹೋದರೂ ಪೆಟ್ಟಿಗೆ ಜೊತೆಗೆ ಬರುತ್ತದೆ. ಅಕ್ಕ ಅದನ್ನು "ನನ್ನ ಸವತಿ" ಎಂದೇ ಕರೆಯುವುದು. "ಅವಳಿಗೆ ಕೂರೋಕೆ ಕಿಟಕಿ ಪಕ್ಕದ ಸೀಟು, ನನಗೆ ಕಾಲಿಡೋಕೂ ಜಾಗ ಇಲ್ಲ" ಎಂದು ಒಮ್ಮೆ ರೈಲಿನಲ್ಲಿ ಎದುರು ಸೀಟಿನವರ ಮುಂದೆ ದೂರಿದಳು. ಅವರು ಪಾಪ, ಯಾವುದೋ ಹೆಂಗಸಿನ ವಿಷಯವೆಂದು ತಿಳಿದು ಭಾವನವರನ್ನು ದುರುಗುಟ್ಟಿ ನೋಡುತ್ತ ಪ್ರಯಾಣ ಮುಗಿಸಿದರು.

ಒಂದು ನೀರು ಕಾಯಿಸುವ ಕೆಟಲ್ ಕೊಳ್ಳಲು ಇವರೊಂದಿಗೆ ಅಂಗಡಿಗೆ ಹೋದದ್ದು ನಾನು ಮಾಡಿದ ದೊಡ್ಡ ಮೂರ್ಖತನ. ಗಲ್ಲಾದ ಮೇಲೆ ಪೆಟ್ಟಿಗೆ ಕೂತಿತು. ಕೆಟಲಿನ ತಳದಲ್ಲಿ ಬರೆದದ್ದು ಸಾವಿರದ ಐನೂರು ವಾಟು. ಭಾವ ಎರಡು ಮುಳ್ಳನ್ನೂ ನೋಡಿ, ಇನ್ನೂರ ಇಪ್ಪತ್ತನ್ನು ಆರೂಕಾಲರಿಂದ ಗುಣಿಸಿ, ಸಾವಿರದ ಮುನ್ನೂರ ಎಪ್ಪತ್ತು ಚಿಲ್ಲರೆ ಎಂದು ಘೋಷಿಸಿದರು. ಅಂಗಡಿಯವನು ತನ್ನ ಮರ್ಯಾದೆ ಹೋಯಿತೆಂದು ಕೆಂಡವಾದ. "ಅಯ್ಯೋ, ಕೆಟಲ್ ಸುಳ್ಳು ಹೇಳ್ತಿಲ್ಲಪ್ಪ. ಇವತ್ತು ನಿಮ್ಮಂಗಡೀಲಿ ವೋಲ್ಟೇಜು ಕಮ್ಮಿ. ಭಾಗಿಸಿ ನೋಡು, ಮೂವತ್ತೈದು ಬರುತ್ತೆ. ರೋಧ ಸರಿಯಾಗೇ ಇದೆ!" ಎಂದು ಭಾವ ಅವನನ್ನು ಸಮಾಧಾನಪಡಿಸಲು ಹೊರಟರು. ಅವನಿಗೆ ಸಮಾಧಾನ ಬೇಕಿರಲಿಲ್ಲ, ನಾವು ಹೊರಗೆ ಹೋಗುವುದು ಬೇಕಿತ್ತು. ಹಿಂದೆ ಗಿರಾಕಿಗಳ ಸಾಲು ಬಾಗಿಲು ದಾಟಿತ್ತು. ಅಕ್ಕ ಯಾವಾಗಲೋ ಜಾಗ ಖಾಲಿ ಮಾಡಿ, ಎದುರಿನ ಚಪ್ಪಲಿ ಅಂಗಡಿಯಲ್ಲಿ ಕೂತು, ತನಗೂ ಈ ಮನುಷ್ಯನಿಗೂ ಸಂಬಂಧವೇ ಇಲ್ಲವೆನ್ನುವಂತೆ ಚಪ್ಪಲಿ ಮೆಟ್ಟಿ ನೋಡುತ್ತಿದ್ದಳು.

ಶಾಲೆಯಲ್ಲೂ ಅವರು ಹೀಗೆಯೇ ಇದ್ದರೆಂದು ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಪ್ರಯೋಗ ಪರೀಕ್ಷೆಯಲ್ಲಿ ಒಬ್ಬ ಬಲ್ಬನ್ನು ಹೊತ್ತಿಸದೆ, ತಣ್ಣಗಿದ್ದಾಗಲೇ ಅದರ ರೋಧ ಅಳೆದನಂತೆ. ಬಲ್ಬಿನೊಳಗಿನ ತಂತಿ ಉರಿದು ಬೆಳ್ಳಗಾದಾಗ ಅದರ ರೋಧ ಹತ್ತು ಪಟ್ಟಿಗೂ ಮಿಕ್ಕಿ ಏರುತ್ತದೆ. ಅದು ಮರೆತ ಹುಡುಗನ ಲೆಕ್ಕದಲ್ಲಿ ನೂರು ವಾಟಿನ ಬಲ್ಬು ಸಾವಿರದ ಮುನ್ನೂರು ವಾಟಿನದಾಗಿ ಕೂತಿತ್ತು. ಭಾವ ಸೊನ್ನೆ ಹಾಕಿದರು. ತಂದೆ ಬಂದು ಬೇಡಿಕೊಂಡರು, ಮುಖ್ಯೋಪಾಧ್ಯಾಯರು ಶಿಫಾರಸು ಮಾಡಿದರು, ಸೊನ್ನೆ ಅಲ್ಲಾಡಲಿಲ್ಲ. "ಸುಮ್ನೆ ಕೂತಿರೋದನ್ನ ಅಳೆದು, ದುಡೀತಿರೋದರ ಲೆಕ್ಕ ಹೇಳ್ತೀಯಾ? ಉರೀತಿರೋವಾಗ ಅಳಿ" ಎಂದರಂತೆ. ಕಥೆ ಹೇಳಿದವನೇ ಆ ಹುಡುಗ. ಅವನ ಕಣ್ಣಲ್ಲಿ ಇನ್ನೂ ಸಿಟ್ಟಿತ್ತು, ನನಗೆ ಅವನ ಮೇಲೆ ಸೋದರಪ್ರೇಮ ಉಕ್ಕಿತು.

ಹೋದ ವರ್ಷ ಅಕ್ಕನ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯ ಹಾಸಿಗೆಯಲ್ಲಿ, ಮೂಗಿಗೆ ನಳಿಕೆ ಹಾಕಿಸಿಕೊಂಡು, ದಿನದಿನಕ್ಕೂ ಅವಳು ಸಣ್ಣಗಾಗುತ್ತಿದ್ದಳು. ಅವಳಿಗೆ ರೋಗಕ್ಕಿಂತ ಆಸ್ಪತ್ರೆಯೇ ಹೆಚ್ಚು ಬಾಧಿಸುತ್ತಿತ್ತು. "ನನ್ನ ಮನೆಗೆ ಕರ್ಕೊಂಡು ಹೋಗ್ರೋ, ಒಳಕೋಣೆ ಕಿಟಕಿ ಹತ್ರ ಮಲಗಿಸ್ರೋ" ಎಂಬುದೊಂದೇ ಜಪ. ಡಾಕ್ಟರು ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಗಾಳಿಯಿಂದ ಆಮ್ಲಜನಕ ಹೀರಿ ಕೊಡುವ ಯಂತ್ರವನ್ನು ಮನೆಯಲ್ಲಿಡಬೇಕು, ಅದು ಹಗಲೂ ರಾತ್ರಿ ಓಡಬೇಕು, ಒಂದು ಗಳಿಗೆಯೂ ನಿಲ್ಲಬಾರದು.

ಭಾವ ಒಳಕೋಣೆಯನ್ನು ಸಿದ್ಧಮಾಡಿದರು. ಆ ಕೋಣೆ ಮಗಳು ಓದಲೆಂದು ಹಿಂದೆ ಸೇರಿಸಿದ್ದು. ಹಿತ್ತಿಲಿನ ಕಡೆಗೆ ದೊಡ್ಡ ಕಿಟಕಿ. ಅದಕ್ಕೆ ಕರೆಂಟಿನ ಲೈನು ಎಳೆದವರೂ ಭಾವನೇ, ಯಾಕೆಂದರೆ ಊರಿನ ಯಾವ ಎಲೆಕ್ಟ್ರಿಷಿಯನ್ನಿನ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ. ಮಗಳು ಮದುವೆಯಾಗಿ ಹೋದಮೇಲೆ ಕೋಣೆ ಮುಚ್ಚಿಯೇ ಇತ್ತು. ಈಗ ಬಾಗಿಲು ತೆರೆದು, ಗೋಡೆಗೆ ತಿಳಿಹಸಿರು ಬಣ್ಣ ಬಳಿದು, ಮಂಚವನ್ನು ಕಿಟಕಿಯ ಬೆಳಕು ಮುಖಕ್ಕೆ ಬೀಳದೆ ಕಾಲಿಗೆ ಬೀಳುವಂತೆ ತಿರುಗಿಸಿಟ್ಟಿದ್ದರು. ಅರವತ್ತು ದಾಟಿದ ಮನುಷ್ಯ ಏಣಿ ಹತ್ತಿ ಒಬ್ಬರೇ ಬಣ್ಣ ಬಳಿದದ್ದನ್ನು ಕಂಡು ಮೆಚ್ಚಿಕೊಂಡೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಅಕ್ಕ ಬರುವ ದಿನ ಮೊದಲು ಬಂದವನು ಯಂತ್ರದವನು. ಚುರುಕಿನ ಯುವಕ. ಒಳಕೋಣೆಯ ಪ್ಲಗ್ಗಿಗೆ ತನ್ನ ಕೈಮೀಟರಿನ ಕಡ್ಡಿಗಳನ್ನು ಚುಚ್ಚಿ, "ಇನ್ನೂರ ಇಪ್ಪತ್ತೆಂಟು ಇದೆ ಸಾರ್. ಫಸ್ಟ್ ಕ್ಲಾಸ್" ಎಂದ.

ನಾನು ಉಸಿರು ಬಿಗಿಹಿಡಿದು ಭಾವನವರ ಕಡೆ ನೋಡಿದೆ. ಅವರು ತಲೆ ವಾಲಿಸಲಿಲ್ಲ. "ಹೌದು, ಬೆಳಿಗ್ಗೆ ನಾನೂ ನೋಡಿದೀನಿ, ಅಷ್ಟೇ ಇತ್ತು. ಈ ಲೈನು ನಾನೇ ಎಳೆದಿದ್ದು" ಎಂದರು.

ಅಷ್ಟಕ್ಕೆ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಎಲ್ಲ ಸುಲಭವಾಗಿ ಮುಗಿಯುತ್ತಿತ್ತು. ಆದರೆ ಎಷ್ಟು ವರ್ಷಗಳ ಹೊಟ್ಟೆಯುರಿ ಅದು! ಎಂಬತ್ತೆರಡು ಅಂಕದ ಹುಡುಗಿ, ಸೊನ್ನೆ ತೆಗೆದುಕೊಂಡ ಹುಡುಗ, ನನ್ನ ನಾಲ್ಕನೆಯ ಮುದ್ರಣ, ಎಲ್ಲರೂ ನನ್ನ ನಾಲಿಗೆಯ ಮೇಲೆ ಬಂದು ಕೂತರು. "ಇನ್ನೊಂದು ಎಲ್ಲಿ ಭಾವ? ಬೇರೆಯವರಿಗೆ ಎರಡು ಬೇಕು, ನಿಮಗಾದ್ರೆ ಒಂದೇ ಸಾಕಾ?" ಎಂದುಬಿಟ್ಟೆ.

ಭಾವ ನಗಲಿಲ್ಲ, ಸಿಡುಕಲೂ ಇಲ್ಲ. "ನೀನು ಹೇಳೋದು ಸರಿ" ಎಂದು ಪೆಟ್ಟಿಗೆ ತರಲು ಹೊರಟರು. ಅದೇ ಹೊತ್ತಿಗೆ ಬಾಗಿಲಲ್ಲಿ ವ್ಯಾನು ಬಂದು ನಿಂತಿತು.

ವ್ಯಾನಿನೊಳಗೆ ಅಕ್ಕ, ಅವಳ ಪಕ್ಕದಲ್ಲಿ ಪುಟ್ಟ ಆಮ್ಲಜನಕದ ಸಿಲಿಂಡರು. ಆಸ್ಪತ್ರೆಯಿಂದ ಮನೆಗೆ ಬರುವಷ್ಟಕ್ಕೆ ಲೆಕ್ಕಹಾಕಿ ಕೊಟ್ಟದ್ದು ಅದು. ನಾನು ಒಳಗೆ ಓಡಿ, "ಭಾವ, ಅವಳು ಬಂದ್ಲು, ಬಿಡಿ ಇದನ್ನ, ನಾನು ತಮಾಷೆಗೆ ಅಂದಿದ್ದು" ಎಂದು ಕೈಮುಗಿದೆ. ಅವರು ಪೆಟ್ಟಿಗೆಯನ್ನು ಪ್ಲಗ್ಗಿಗೆ ಚುಚ್ಚಿ, ಇಸ್ತ್ರಿಪೆಟ್ಟಿಗೆ ಹುಡುಕುತ್ತಿದ್ದರು. ಯಂತ್ರದೊಳಗೆ ಮೋಟಾರಿದೆ, ಅದರ ಲೆಕ್ಕ ಗೋಜಲು. ಇಸ್ತ್ರಿಪೆಟ್ಟಿಗೆಯಲ್ಲಾದರೆ ಬರೀ ಕಾಯುವ ತಂತಿ, ಲೆಕ್ಕ ನೇರ ಎಂದು ವಿವರಣೆ ಬೇರೆ! ನಾನು ಹಲ್ಲು ಕಡಿದುಕೊಂಡು ಹೊರಗೆ ಬಂದೆ.

"ಒಳಗೆ ಏನ್ ಮಾಡ್ತಿದಾರೆ?" ಎಂದು ಅಕ್ಕ ಕೇಳಿದಳು.

"ಅಳೀತಿದಾರೆ."

ಅಕ್ಕ ಕಣ್ಣು ಮುಚ್ಚಿದಳು. "ಹಾಗಾದ್ರೆ ಇನ್ನೂ ಹೊತ್ತಾಗುತ್ತೆ. ವ್ಯಾನಿನ ಕಿಟಕಿ ತೆಗಿ" ಎಂದಳು. ಡ್ರೈವರು ಸಿಲಿಂಡರಿನ ಮುಳ್ಳಿನ ಮೇಲೆ ಬೆರಳಿಟ್ಟು, "ಕೆಂಪು ಗೆರೆ ಹತ್ರ ಬರ್ತಿದೆ ಸಾರ್. ಬೇಗ ಅನ್ನಿ" ಎಂದ. ಆ ದರಿದ್ರ ಪೆಟ್ಟಿಗೆಯನ್ನು ಹಿತ್ತಿಲಿಗೆ ಎಸೆಯುವುದೆಂದು ನಿಶ್ಚಯಿಸಿಯೇ ನಾನು ಮತ್ತೆ ಒಳಗೆ ನುಗ್ಗಿದ್ದು.

ಒಳಗೆ ಭಾವ ಮೀಟರುಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಇಸ್ತ್ರಿಪೆಟ್ಟಿಗೆ ಕಾಯುತ್ತಿತ್ತು. ಬಲಗಡೆಯ ಮುಳ್ಳು ನಾಲ್ಕು ಆಂಪಿಯರಿನ ಮೇಲೆ ನಿಂತಿತ್ತು. ಎಡಗಡೆಯದು, ಸ್ವಲ್ಪ ಮೊದಲು ಇನ್ನೂರ ಇಪ್ಪತ್ತೆಂಟರಲ್ಲಿ ಕೂತಿದ್ದದ್ದು, ಈಗ ಇನ್ನೂರ ನಾಲ್ಕಕ್ಕೆ ಇಳಿದಿತ್ತು.

"ಹೊರಗಿನ ಲೈನೇ ವೀಕ್ ಇರಬೇಕು ಬಿಡಿ ಸಾರ್" ಎಂದ ಯಂತ್ರದವನು, ಮುದುಕರಿಗೆ ನೆರವಾಗುವ ಒಳ್ಳೆಯ ಮನಸ್ಸಿನಿಂದ. ಭಾವ ಆ ನೆಪವನ್ನೇ ಹಿಡಿದುಕೊಳ್ಳಬಹುದಾಗಿತ್ತು. ಭಾವ ಪೆಟ್ಟಿಗೆಯನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಕಿತ್ತುಕೊಂಡು ಹಾಲಿಗೆ ಅಡ್ಡಡ್ಡಲಾಗಿ ಓಡಿದರು; ಅವರು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಹಾಲಿನ ಪ್ಲಗ್ಗಿಗೆ ಅದೇ ಇಸ್ತ್ರಿಪೆಟ್ಟಿಗೆ ಹಾಕಿದರೆ ವೋಲ್ಟೇಜು ಇನ್ನೂರ ಇಪ್ಪತ್ತೆಂಟರಲ್ಲೇ ಗಟ್ಟಿಯಾಗಿ ನಿಂತಿತು. ಹೊರಗಿನ ಲೈನಿಗೆ ಏನೂ ಆಗಿರಲಿಲ್ಲ.

"ಒಳಕೋಣೆ ಲೈನಲ್ಲಿ ಇಪ್ಪತ್ನಾಲ್ಕು ವೋಲ್ಟು ಕಳೆದುಹೋಗ್ತಿದೆ" ಎಂದರು, ತರಗತಿಯಲ್ಲಿ ಹೇಳುವಂತೆ, ಒಂದೊಂದೇ ಪದ ಬಿಡಿಸಿ. "ಕರೆಂಟು ನಾಲ್ಕು. ಭಾಗಿಸಿದ್ರೆ ಆರು. ಎಲ್ಲೋ ಒಂದು ಕಡೆ ಇರಬಾರದ ಆರು ಓಮ್ ರೋಧ ಕೂತಿದೆ. ಗುಣಿಸಿದ್ರೆ ತೊಂಬತ್ತಾರು. ಗೋಡೆಯೊಳಗೆ ನೂರು ವಾಟಿನ ಬಲ್ಬಿನಷ್ಟು ಕಾವು." ನಮ್ಮ ಮೂವರನ್ನೂ ನೋಡಿ, "ತಂತಿಗೆ ತಂತಿ ಹೊಸೆದು ನಾನು ಹಾಕಿದ ಗಂಟು. ಬೇರೆ ಯಾರ ಕೈಯೂ ಅಲ್ಲಿಗೆ ಹೋಗಿಲ್ಲ" ಎಂದರು. ಹೊಸ್ತಿಲಲ್ಲಿ ನಿಂತಿದ್ದ ಡ್ರೈವರು ಇದರ ತಲೆಬುಡ ತಿಳಿಯದೆ ಮತ್ತೆ "ಬೇಗ ಸಾರ್" ಎಂದ.

ಮುಂದಿನದು ಬರೀ ಗಡಿಬಿಡಿ. ಆ ತೂಕದ ಮಂಚವನ್ನು ನಾನೂ ಯಂತ್ರದವನೂ ಎಳೆದು, ಬಾಗಿಲ ಚೌಕಟ್ಟಿಗೆ ಸಿಕ್ಕಿಸಿ, ಬಿಡಿಸಿ, ಹೊಸ ಬಣ್ಣವನ್ನೆಲ್ಲ ಕೆರೆದು ಹಾಲಿಗೆ ತಂದೆವು. ಮುಳ್ಳು ಕೆಂಪು ಗೆರೆ ಮುಟ್ಟುವ ಹೊತ್ತಿಗೆ ಅಕ್ಕ ಹಾಲಿನ ಮಂಚದ ಮೇಲಿದ್ದಳು, ಯಂತ್ರ ಗೊರ್ರೆನ್ನುತ್ತಿತ್ತು. ಅಲ್ಲಿಯೂ, ನನ್ನ ತಾಳ್ಮೆಯ ಕೊನೆಯ ಎಳೆ ಹರಿಯುವಂತೆ, ಭಾವ ಯಂತ್ರಕ್ಕೂ ಗೋಡೆಗೂ ನಡುವೆ ಪೆಟ್ಟಿಗೆ ಹಾಕಿ ಎರಡು ಮುಳ್ಳನ್ನೂ ನೋಡಿದ ಮೇಲೆಯೇ ಅಕ್ಕನ ಮುಖ ನೋಡಿದ್ದು. "ಬಂದ್ಯಾ" ಎಂದರು. ಅಕ್ಕ, "ಸವತಿ ಅಪ್ಪಣೆ ಆಯ್ತಾ?" ಎಂದಳು.

ಆಮೇಲೆ ಒಳಕೋಣೆಯ ಫ್ಯೂಸ್ ಕಿತ್ತು, ಉಳಿ ಹಿಡಿದು, ತಾವೇ ಬಳಿದ ತಿಳಿಹಸಿರನ್ನು ಕೆರೆಯತೊಡಗಿದರು. ಮಂಚದ ತಲೆಭಾಗವಿದ್ದ ಜಾಗಕ್ಕೆ ನೇರ ಮೇಲೆ, ಬಣ್ಣದಡಿ ಮುಚ್ಚಿಹೋಗಿದ್ದ ಸಣ್ಣ ಡಬ್ಬಿಯಿತ್ತು. ಒಳಗೆ ತಂತಿಗಳನ್ನು ಹೊಸೆದು ಸೇರಿಸಿದ ಗಂಟು. ಗೋಡೆಯ ತೇವಕ್ಕೆ ಹಸಿರುಗಟ್ಟಿ, ಸಡಿಲಾಗಿ, ಒಂದೆರಡು ಎಳೆಯಷ್ಟೇ ಅಂಟಿಕೊಂಡಿತ್ತು. ಇಸ್ತ್ರಿಪೆಟ್ಟಿಗೆ ಕಾದ ಅಷ್ಟು ಹೊತ್ತಿಗೇ ಮೇಲಿನ ಟೇಪು ಕರಗಿ ಜಿನುಗಿತ್ತು. ಇಷ್ಟು ವರ್ಷ ಆ ಪ್ಲಗ್ಗಿಗೆ ಓದುವ ದೀಪಕ್ಕಿಂತ ದೊಡ್ಡದೇನೂ ಬಿದ್ದಿರಲಿಲ್ಲವಾದ್ದರಿಂದ ಗಂಟಿನ ಗುಟ್ಟು ರಟ್ಟಾಗಿರಲಿಲ್ಲ. ಭಾವ ಅದನ್ನು ಕತ್ತರಿಸಿ ತೆಗೆದಾಗ ಅವರ ಎರಡೂ ಕೈ ಜೇಬಿನ ಹೊರಗಿದ್ದವು. ಎಡಗೈಯಲ್ಲಿ ಊನವೇನೂ ಇರಲಿಲ್ಲವೆಂಬುದು ನನಗೆ ಅವತ್ತು ಖಾತ್ರಿಯಾಯಿತು.

ಆ ಗಂಟನ್ನು ಅಂಗೈಯಲ್ಲಿಟ್ಟುಕೊಂಡು ಹಾಲಿಗೆ ಬಂದು ಅಕ್ಕನ ಮುಂದೆ ಹಿಡಿದರು. "ಮಷೀನು ಹಗಲೂ ರಾತ್ರಿ ಓಡುತ್ತೆ. ಇಸ್ತ್ರಿಪೆಟ್ಟಿಗೆಗಿಂತ ಕಮ್ಮಿ ಕರೆಂಟು ಎಳೆಯುತ್ತೆ, ಹಾಗಾಗಿ ಮೊದಲು ಹದಿನೈದು ವಾಟು ಕಾವು. ಕಾದು ಕಾದು ಗಂಟು ಇನ್ನೂ ಕೆಡುತ್ತೆ, ರೋಧ ಏರುತ್ತೆ. ಒಂದಿನ ಕಿತ್ತುಬಂದು ಮಷೀನು ನಿಲ್ಲುತ್ತೆ, ಇಲ್ಲಾ ಬೆಂಕಿ. ಇದರ ಕೆಳಗೆ ನಿನ್ನ ಮಲಗಿಸ್ತಿದ್ದೆ. ಬೆಳಿಗ್ಗೆ ಬರೀ ವೋಲ್ಟೇಜು ನೋಡಿ ಸಾಕು ಅಂದ್ಕೊಂಡೆ, ನಾನೇ ಹಾಕಿದ್ದಲ್ವಾ ಅಂತ."

ಅಕ್ಕ ಆ ಗಂಟನ್ನು ನೋಡಿದಳು. ಮೂಗಿನ ನಳಿಕೆ ಸರಿಮಾಡಿಕೊಂಡು, "ಮದುವೆಯಾದಾಗಿಂದ ನೀವು ಯಾರನ್ನೂ ನಂಬಿದವರಲ್ಲ. ಒಂದೇ ಒಂದು ಸಲ ನಂಬಿದ್ರಿ, ಅದೂ ನಿಮ್ಮನ್ನೇ. ಹೋಗಲಿ, ಈಗಾದ್ರೂ ಕೂತ್ಕೊಳ್ಳಿ" ಎಂದಳು. ಭಾವ ಕೂತರು. ಗಂಟು ಬಲಗೈಯಲ್ಲಿತ್ತು, ಅಕ್ಕ ಎಡಗೈಯನ್ನು ಹಿಡಿದುಕೊಂಡಳು, ಅವರು ಬಿಡಿಸಿಕೊಳ್ಳಲಿಲ್ಲ.

ಇದರಿಂದ ಅವರು ಬದಲಾದರೆಂದು ಯಾರಾದರೂ ಭಾವಿಸಿದರೆ ಅವರಿಗೆ ನನ್ನ ಭಾವ ಗೊತ್ತಿಲ್ಲ. ಮೊದಲಿಗಿಂತ ಕೆಟ್ಟಿದ್ದಾರೆ. ಮನೆಯ ಗಂಟುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಬೆಸೆದು, ಒಳಕೋಣೆಯ ಗೋಡೆಗೆ ಮತ್ತೆ ಬಣ್ಣ ಬಳಿದು, ಅಕ್ಕನನ್ನು ಕೊನೆಗೂ ಕಿಟಕಿಯ ಬಳಿಗೆ ಸೇರಿಸಿ, ನನ್ನ ಮನೆಗೆ ಬಂದು ಇಲ್ಲಿಯ ಗೋಡೆಗಳನ್ನೂ ಕೆರೆಯಲು ತೊಡಗಿದ್ದಾರೆ. ಅಕ್ಕ "ಚೆನ್ನಾಗಿದೀನಿ" ಎಂದರೆ ಸಾಕಾಗುವುದಿಲ್ಲ. ಬೆರಳಿಗೆ ಹಾಕುವ ಕ್ಲಿಪ್ಪಿನಲ್ಲಿ ರಕ್ತದ ಆಮ್ಲಜನಕವೂ ನಾಡಿಯೂ ಎರಡೂ ಸಂಖ್ಯೆ ಕಾಣಬೇಕು. "ಒಂದು ಸಲ ನನ್ನ ಬಾಯಿಮಾತು ನಂಬಬಾರದಾ?" ಎಂದು ಅವಳು ರೇಗುತ್ತಾಳೆ. ಭಾವ ಕ್ಲಿಪ್ಪು ನೋಡುತ್ತ, "ಇನ್ನೊಂದು ಬರಲಿ, ತಾಳು" ಎನ್ನುತ್ತಾರೆ.

ಇಂಥವರೊಡನೆ ಬಾಳುವುದು ಸುಲಭವಲ್ಲ. ನಮ್ಮ ಸಂತೋಷಗಳಿಗೆ ಇವರು ತಣ್ಣೀರೆರಚುತ್ತಾರೆ, ನಮ್ಮ ಆತುರಕ್ಕೆ ಅಡ್ಡ ನಿಲ್ಲುತ್ತಾರೆ, ಪ್ರೀತಿಯ ಮಾತು ಬರಬೇಕಾದ ಜಾಗದಲ್ಲಿ ಭಾಗಾಕಾರ ಮಾಡುತ್ತಾರೆ. ಇವರು ನಮ್ಮನ್ನು ನಂಬುವುದಿಲ್ಲವೆಂದು ನಾವು ಕೊರಗುತ್ತೇವೆ. ಆದರೆ ಇವರು ನಂಬದಿರುವುದು ಭಾರ ಬೀಳದೆ ಸುಮ್ಮನಿರುವ ವಸ್ತುವಿನ ಸೊಗಸನ್ನು. ಹೊರೆ ಹೊರಿಸಿ ನೋಡಿದ ಮೇಲೆ ಕಂಡದ್ದನ್ನು, ಅದು ತಮ್ಮ ಕೈಯ ತಪ್ಪೇ ಆಗಿದ್ದರೂ, ನಾಲ್ಕು ಜನರ ಮುಂದೆ ಹೇಳುವವರು ಇವರು. ನನ್ನ ಪಾಲಿಗೆ ಭಾವ ಇವತ್ತಿಗೂ ಒಂದು ತಲೆನೋವು. ಆದರೆ ಅಕ್ಕ ಉಸಿರಾಡುವ ಮನೆಯಲ್ಲಿ ಅಂಥ ತಲೆನೋವೊಂದು ಎಚ್ಚರವಾಗಿ ಕೂತಿರದಿದ್ದರೆ, ಇಲ್ಲಿ ನನಗೆ ನಿದ್ದೆ ಬರುವುದಿಲ್ಲ.